ಅಪ್ಪನ ಅಂಗಡಿಯಲ್ಲಿ ನನ್ನ ಮುಖ

ಇಳಕಲ್ಲಿನ ನಮ್ಮ ಮನೆಯಲ್ಲಿ ಅಂಗಡಿಗೂ ನಡುಮನೆಗೂ ನಡುವೆ ಇದ್ದದ್ದು ಒಂದು ಹಸಿರು ಪರದೆ ಮಾತ್ರ. ಪರದೆಯ ಆಚೆ ಅಪ್ಪನ ಔಷಧದ ಅಂಗಡಿ, ಈಚೆ ನಾವು: ಅಜ್ಜಿ, ಅವ್ವ, ಅಣ್ಣ ಪ್ರಮೋದ, ನಾನು. ಊರಿನವರು ಅಪ್ಪನನ್ನು ಡಾಕ್ಟರ್ರು ಅನ್ನುತ್ತಿದ್ದರು. ಅಪ್ಪ ಡಾಕ್ಟರಲ್ಲ. ಡಾಕ್ಟರು ಬರೆದುಕೊಟ್ಟ ಔಷಧವನ್ನು ಕಪಾಟಿನಿಂದ ತೆಗೆದು ಕೊಡಲು ಕಲಿತವರು, ಅಷ್ಟೆ. ಆದರೆ ಯಾರು ಹಾಗೆ ಕರೆದರೂ ಅವರು ಒಂದು ದಿನವೂ ತಿದ್ದಿದ್ದು ನನಗೆ ನೆನಪಿಲ್ಲ. ಕೆಮ್ಮು, ಕಜ್ಜಿ, ಹೊಟ್ಟೆನೋವು, ಕೂಸಿನ ಜ್ವರ, ಏನೇ ಇದ್ದರೂ ಜನ ಮೊದಲು ನಮ್ಮ ಕಟ್ಟೆಗೇ ಬರುತ್ತಿದ್ದರು. ಅಪ್ಪ ಸಮಾಧಾನದಿಂದ ಕೇಳಿಸಿಕೊಳ್ಳುತ್ತಿದ್ದರು, ಯಾರ ಮೇಲೂ ರೇಗುತ್ತಿರಲಿಲ್ಲ. ಆ ಒಳ್ಳೆಯತನವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಇದ್ದದ್ದರಿಂದಲೇ ನನ್ನ ಸಿಟ್ಟು ಇಷ್ಟು ವರ್ಷ ಬಾಳಿದೆ. ಸಂಜೆ ನಾನು ನಡುಮನೆಯಲ್ಲಿ ಲೆಕ್ಕ ಬಿಡಿಸುತ್ತ ಕೂತಿರುತ್ತಿದ್ದೆ. ಆಚೆಯಿಂದ ದನಿ ಬರುತ್ತಿತ್ತು.

"ಇಂದೂ, ಒಂಚೂರ ಹೊರಗ ಬಾರವ್ವಾ."

ನಾನು ಪೆನ್ನು ಇಟ್ಟು ಎದ್ದು ಹೋಗುತ್ತಿದ್ದೆ. ಕೌಂಟರಿನ ಮುಂದೆ ಯಾರೋ ತಾಯಿ, ಅವಳ ಬೆನ್ನ ಹಿಂದೆ ಓಢಣಿಯಲ್ಲಿ ಗಲ್ಲ ಮುಚ್ಚಿಕೊಂಡ ಯಾರೋ ಹುಡುಗಿ. ಅಪ್ಪ ನನ್ನ ಗದ್ದ ಹಿಡಿದು ಮುಖವನ್ನು ದೀಪದ ಕಡೆ ಎತ್ತುತ್ತಿದ್ದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

"ನೋಡ್ರಿ, ಇಕಿ ನಮ್ಮ ಹುಡುಗಿ. ಹ್ವಾದ ವರ್ಷ ಇಕೀ ಮಾರಿ ನೋಡಿದ್ರ ನೀವು ಅಂಜತಿದ್ರಿ. ಈಗ ಎಲ್ಲೆರೆ ಒಂದ ಕಲಿ ಅದ ಏನು, ಹೇಳ್ರಿ?"

"ಖರೇನ ಡಾಕ್ಟರ್ರ. ಎಷ್ಟ ನುಣ್ಣಗ ಆಗೈತಿ!"

"ಇಕಿಗೆ ಹಚ್ಚಿದ್ದನ್ನ ನಿಮ್ಮ ಹುಡುಗೀಗೂ ಕೊಡ್ತೇನಿ. ಚಿಂತೀ ಬಿಡ್ರಿ."

ಆ ತಾಯಿ ಒಮ್ಮೊಮ್ಮೆ ಕೈ ಚಾಚಿ ನನ್ನ ಗಲ್ಲವನ್ನು ಬೆರಳಿನಿಂದ ಉಜ್ಜಿಯೂ ನೋಡುತ್ತಿದ್ದಳು, ಪೌಡರ್ ಹಚ್ಚಿ ಮೋಸ ಮಾಡುತ್ತಿದ್ದೇವೇನೋ ಎಂದು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವರು ಕೂಡ ಮೊದಲು ಅದರ ಮೈಯನ್ನೊಮ್ಮೆ ಸವರುತ್ತಾರೆ. ನನಗೆ ಅದೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಅಪ್ಪ ಗದ್ದ ಬಿಡುತ್ತಿದ್ದರು, "ಹೋಗು, ಓದ್ಕೋ ಹೋಗು" ಅನ್ನುತ್ತಿದ್ದರು. ನಾನು ಒಳಗೆ ಬಂದು ಬಿಟ್ಟ ಲೆಕ್ಕವನ್ನು ಮತ್ತೆ ಮೊದಲಿಂದ ಮಾಡುತ್ತಿದ್ದೆ.

ಇದು ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ, ಎಂಟನೆಯ ಇಯತ್ತೆಯಲ್ಲಿ, ನನಗೆ ಮೊಡವೆ ಎದ್ದವು. ಮೊದಲು ಹಣೆಯಲ್ಲಿ, ಆಮೇಲೆ ಎರಡೂ ಗಲ್ಲ, ಕಡೆಗೆ ಗದ್ದ. ಕೆಲವು ಸಣ್ಣವು, ಕೆಲವು ಒಳಗೇ ಗಂಟು ಕಟ್ಟಿ ದಿನಗಟ್ಟಲೆ ನೋಯುವಂಥವು. ಅಂದಿನಿಂದ ನನ್ನ ಮುಖ ನನ್ನದಾಗಿ ಉಳಿಯಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವಳು, ಹಾಲಿನವಳು, ಕುಂಕುಮಕ್ಕೆ ಬಂದ ನೆರೆಮನೆಯವರು, ಎಲ್ಲರಿಗೂ ಅದರ ಬಗ್ಗೆ ಹೇಳಲು ಒಂದು ಮಾತಿತ್ತು, ಹಚ್ಚಲು ಒಂದು ಪದಾರ್ಥವಿತ್ತು. ಅಜ್ಜಿಯ ಪ್ರಕಾರ ಎಲ್ಲ ಉಷ್ಣ. ತಂಪಾಗಲಿ ಎಂದು ವಾರಕ್ಕೆ ಮೂರು ಸಲ ನೆತ್ತಿಗೆ ಔಡಲೆಣ್ಣೆ ತಟ್ಟುತ್ತಿದ್ದಳು. ಆ ಮಂದ ಎಣ್ಣೆ ಹಣೆಯ ಮೇಲೆ ಇಳಿಯುತ್ತಿತ್ತು, ಮರುದಿನ ಹಣೆಯಲ್ಲಿ ಹೊಸ ನಾಲ್ಕು ಗುಳ್ಳೆ ಏಳುತ್ತಿದ್ದವು, ಅವನ್ನು ನೋಡಿ ಉಷ್ಣ ಇನ್ನೂ ಇಳಿದಿಲ್ಲವೆಂದು ಅಜ್ಜಿ ಇನ್ನಷ್ಟು ಎಣ್ಣೆ ತಟ್ಟುತ್ತಿದ್ದಳು. ಬಾದಾಮಿಯಲ್ಲಿದ್ದ, ಅವ್ವನ ಒಡಹುಟ್ಟಿದ ಮಾವಶಿ ಬಂದಾಗ ಹಲ್ಲುಜ್ಜುವ ಪೇಸ್ಟನ್ನು ಒಂದೊಂದು ಮೊಡವೆಯ ತುದಿಗೂ ಬೊಟ್ಟಿಟ್ಟಳು, ರಾತ್ರಿಯೆಲ್ಲ ಉರಿಯಿತು. ನಿಂಬೆಹಣ್ಣು ಆಯಿತು, ಕಡಲೆಹಿಟ್ಟಿನಿಂದ ಗರಗರ ತಿಕ್ಕುವುದೂ ಆಯಿತು. ಸಾಲಿಯಲ್ಲಿ ಟೀಚರೊಬ್ಬರು ಎಲ್ಲರೆದುರು, "ದಿನಾ ಮಾರಿ ತೊಳ್ಕೊಂಡು ಬರೂದಿಲ್ಲೇನು?" ಅಂದರು. ಮಾರಿ ತೊಳೆಯುವುದೇ? ದಿನಕ್ಕೆ ಎಂಟು ಸಲ, ಹತ್ತು ಸಲ ಮೈಸೋಪಿನಿಂದ ತೊಳೆಯುತ್ತಿದ್ದೆ. ಚರ್ಮ ಬಿಗಿದು, ನಗಲು ಬಾಯಿ ಅಗಲಿಸಿದರೆ ಗಲ್ಲ ಎಳೆಯುತ್ತಿತ್ತು.

ಊಟದ ಹೊತ್ತಂತೂ ದಿನಕ್ಕೆರಡು ಸಲದ ವಿಚಾರಣೆ. ನಮ್ಮ ಮನೆಯಲ್ಲಿ ರೊಟ್ಟಿಯ ಪಕ್ಕ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೇಲೆ ಒಂದು ಹುಟ್ಟು ಗಟ್ಟಿ ಮೊಸರು ಇಲ್ಲದೆ ಯಾರೂ ಏಳುತ್ತಿರಲಿಲ್ಲ. ನನ್ನ ತಾಟಿನಲ್ಲಿ ರೊಟ್ಟಿ, ಹೆಸರುಬೇಳೆ, ನೀರು ಮಜ್ಜಿಗೆ. ಶೇಂಗಾ ಉಷ್ಣ, ಗುರೆಳ್ಳು ಉಷ್ಣ, ಬೆಲ್ಲ ಉಷ್ಣ, ಮಾವಿನಹಣ್ಣಿನ ಹೆಸರೇ ಎತ್ತುವಂತಿಲ್ಲ. ಯಾರಾದರೂ ಅಮೀನಗಡದಿಂದ ಕರದಂಟು ತಂದರೆ ಪ್ರಮೋದ ನನ್ನ ಎದುರು ಕೂತು ಎರಡು ಕೈಯಲ್ಲಿ ತಿನ್ನುತ್ತಿದ್ದ. ಅವನಿಗೆ ಹದಿನಾರು. ಅವನ ಮುಖದಲ್ಲಿ ನನಗಿಂತ ಹೆಚ್ಚು ಗುಳ್ಳೆಗಳಿದ್ದವು, ಕೂತಲ್ಲಿ ನಿಂತಲ್ಲಿ ಅವನ್ನು ಉಗುರಿನಿಂದ ಚಿವುಟುತ್ತಿದ್ದ.

"ಅಜ್ಜಿ, ಪಮ್ಯಾನ ಮಾರೀ ತುಂಬ ಗುಳ್ಳಿ ಅವ. ಅವಂಗ ಉಷ್ಣ ಆಗೂದಿಲ್ಲೇನು?"

"ಅಂವ ಗಂಡಹುಡುಗ. ತಾವ ಬರ್ತಾವ, ತಾವ ಹೋಗ್ತಾವ. ನೀ ಸುಮ್ನ ಉಣ್ಣು."

"ನಂದೂ ತಾವ ಹೋಗೂದಿಲ್ಲೇನು?"

"ಇಕೀ ಬಾಯಿ ನೋಡ ಎಷ್ಟ ಉದ್ದ ಆಗೇದ," ಎಂದು ಅಜ್ಜಿ ಅವ್ವನ ಕಡೆ ತಿರುಗುತ್ತಿದ್ದಳು, ಬಾಯಿಯೂ ಅವ್ವನದೇ ತಪ್ಪು ಎಂಬಂತೆ. ಅವ್ವ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಸವರಲು ಹೋಗಿ, ಅದೂ ಉಷ್ಣವೆಂದು ನೆನಪಾಗಿ, ಕೈ ಹಿಂದೆ ತೆಗೆದುಕೊಳ್ಳುತ್ತಿದ್ದಳು. ಈಗ ನಾನು ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹದಿಮೂರು ಹದಿನಾಲ್ಕರ ವಯಸ್ಸಿಗೆ ಮೈಯೊಳಗೆ ಹಾರ್ಮೋನು ಏರುತ್ತವೆ, ಚರ್ಮದ ಕೆಳಗಿನ ಎಣ್ಣೆಗ್ರಂಥಿಗಳು ಜಾಸ್ತಿ ಎಣ್ಣೆ ಬಿಡುತ್ತವೆ, ಉದುರಬೇಕಾದ ಚರ್ಮ ಆ ಎಣ್ಣೆಯಲ್ಲಿ ಸಿಕ್ಕಿಕೊಂಡು ರಂಧ್ರ ಮುಚ್ಚುತ್ತದೆ, ಒಳಗೆ ಸೂಕ್ಷ್ಮಜೀವಿ ಬೆಳೆದು ಬಾತುಕೊಳ್ಳುತ್ತದೆ. ಹುಡುಗನಿಗೂ ಹಾಗೆಯೇ, ಹುಡುಗಿಗೂ ಹಾಗೆಯೇ. ಇದು ಕೊಳೆಯಲ್ಲ, ಶಾಪವಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವೂ ಅಲ್ಲ. ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಈ ಮಾತನ್ನು ಔಷಧ ಮಾರುವ ಮನೆಯಲ್ಲೇ ಹುಟ್ಟಿದ ನನಗೆ ಯಾರೂ ಹೇಳಲಿಲ್ಲ.

ಬನಶಂಕರಿಯಲ್ಲಿ ಮಾವಶಿಯ ಮಗಳ ಮದುವೆ ಗೊತ್ತಾಯಿತು. ವಾರ ಉಳಿದಿತ್ತು. ಅಪ್ಪ ಅಂಗಡಿಯಿಂದ ಒಂದು ಟ್ಯೂಬು ತಂದರು. ನಮ್ಮ ಅಂಗಡಿಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಇಂಥ ಟ್ಯೂಬುಗಳು ಬಂದಾಗ ಅಪ್ಪ ಅವುಗಳ ರಟ್ಟಿನ ಡಬ್ಬಿ ತೆಗೆದುಬಿಡುತ್ತಿದ್ದರು, ಅದರೊಳಗೆ ಮಡಿಚಿಟ್ಟ ತೆಳು ಕಾಗದದ ಚೀಟಿಯನ್ನೂ ತೆಗೆದುಬಿಡುತ್ತಿದ್ದರು. ಗಿರಾಕಿಯ ಕೈಗೆ ಹೋಗುತ್ತಿದ್ದದ್ದು ಬರೀ ಟ್ಯೂಬು, ಪೇಪರಿನ ತುಂಡಿನಲ್ಲಿ ಸುತ್ತಿ. ಚೀಟಿ ಓದಿದರೆ ಮಂದಿ ಸುಮ್ಮನೆ ಅಂಜುತ್ತಾರೆ ಅನ್ನುತ್ತಿದ್ದರು. ಆ ಚೀಟಿಗಳನ್ನು ಅಜ್ಜಿ ಕೂಡಿಟ್ಟು ಅಡುಗೆಮನೆಯ ಡಬ್ಬಿಗಳ ತಳಕ್ಕೆ ಹಾಸುತ್ತಿದ್ದಳು, ಚಟ್ನಿಪುಡಿಯ ಜಿಡ್ಡನ್ನು ಅವು ಚೆನ್ನಾಗಿ ಹೀರುತ್ತವೆಂದು. ನಮ್ಮ ಮನೆಯಲ್ಲಿ ಏನೂ ಹಾಳಾಗುತ್ತಿರಲಿಲ್ಲ. ಅಪ್ಪ ಟ್ಯೂಬಿನ ಮುಚ್ಚಳ ತೆರೆದು ತಾವೇ ಬೆರಳಿನಿಂದ ನನ್ನ ಗಲ್ಲಕ್ಕೆ ಹಚ್ಚಿ ತೋರಿಸಿದರು. ಮುಂಜಾನೆ ಸಂಜೆ ಹೀಗೆ ಹಚ್ಚು ಅಂದರು. ನಾಲ್ಕನೆಯ ದಿನಕ್ಕೆ ಕೆಂಪು ಇಳಿಯಿತು. ಆರನೆಯ ದಿನಕ್ಕೆ ಗಂಟುಗಳು ಕರಗಿದವು. ಮದುವೆಯಲ್ಲಿ ಮಾವಶಿ ನನ್ನನ್ನು ಎರಡು ಸಲ ನೋಡಿದಳು.

"ಅಯ್ಯ! ಇಕಿ ನಮ್ಮ ಇಂದೂನ ಏನು? ಎಷ್ಟ ಚೆಂದ ಆಗ್ಯಾಳಲ್ಲ!"

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅವತ್ತು ಶೇಂಗಾ ಹೋಳಿಗೆ ಎರಡು ಬಡಿಸಿಕೊಂಡು ತಿಂದೆ, ಅಜ್ಜಿ ಕೂಡ ತಡೆಯಲಿಲ್ಲ. ಊರಿಗೆ ಮರಳಿದ ಮೇಲೆ ಆ ಟ್ಯೂಬನ್ನು ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುವುದೊಂದು ಬಾಕಿ ಇತ್ತು. ಆಗಲೇ ಅಪ್ಪ ನನ್ನನ್ನು ಪರದೆಯ ಆಚೆ ಕರೆಯಲು ಶುರುಮಾಡಿದ್ದು. ಮೊದಮೊದಲು ನಾನೂ ಉತ್ಸಾಹದಿಂದಲೇ ಹೋಗಿ ನಿಲ್ಲುತ್ತಿದ್ದೆ.

ಹಾಗೆ ನನ್ನನ್ನು ನೋಡಿ ಟ್ಯೂಬು ಒಯ್ದವರಲ್ಲಿ ಶಮೀಮ್ ಒಬ್ಬಳು. ಸಾಲಿಯಲ್ಲಿ ಒಂದೇ ಬೆಂಚಿನವರು ನಾವು. ಅವಳ ಅಮ್ಮಿ ಮನೆಯಲ್ಲೇ ಕೂತು ಇಳಕಲ್ ಸೀರೆಗಳಿಗೆ ಗೊಂಡೆ ಕಟ್ಟುತ್ತಿದ್ದರು, ಶಮೀಮ್ ಸಾಲಿ ಬಿಟ್ಟ ಮೇಲೆ ಪಕ್ಕದಲ್ಲಿ ಕೂತು ಎಳೆ ಬಿಡಿಸುತ್ತಿದ್ದಳು. ಅವಳಿಗೆ ಇದ್ದದ್ದು ಬೆರಳೆಣಿಕೆಯ ಮೊಡವೆ, ಅದೂ ಗದ್ದದ ಹತ್ತಿರ. ಸುಮ್ಮನೆ ಬಿಟ್ಟಿದ್ದರೂ ಹೋಗುತ್ತಿದ್ದವೇನೋ. ಅವಳು ಅಮ್ಮಿಯ ಜೊತೆ ಬಂದ ದಿನ ಅಪ್ಪ ನನ್ನ ಗದ್ದ ಎತ್ತಿದಾಗ ನಾನು ಅವಳಿಗೆ ಕಣ್ಣು ಹೊಡೆದೆ. ಆ ಕಣ್ಣು ಹೊಡೆದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಅಪ್ಪ ಕರೆದದ್ದು ಅಪ್ಪನ ತಪ್ಪು. ಕಣ್ಣು ಹೊಡೆದವಳು ನಾನು.

ವರ್ಷ ಕಳೆಯುವುದರೊಳಗೆ ಟ್ಯೂಬು ತನ್ನ ಬಣ್ಣ ತೋರಿಸಿತು. ಎರಡು ದಿನ ಹಚ್ಚದಿದ್ದರೆ ಮುಖವೆಲ್ಲ ಕೆಂಪಾಗಿ, ಹಿಂದೆಂದೂ ಇರದಷ್ಟು ಗುಳ್ಳೆ ಒಮ್ಮೆಗೇ ಏಳುತ್ತಿದ್ದವು. ಮತ್ತೆ ಹಚ್ಚಿದರೆ ಇಳಿಯುತ್ತಿದ್ದವು. ಹಾಗಾಗಿ ಬಿಡುವಂತಿಲ್ಲ. ಅಪ್ಪ ಹೊಸ ಟ್ಯೂಬು ಕೊಡುತ್ತಿದ್ದರು, ನಾನು ಹಚ್ಚುತ್ತಿದ್ದೆ, ಅಪ್ಪ ಕರೆಯುತ್ತಿದ್ದರು, ನಾನು ದೀಪದ ಕೆಳಗೆ ನಿಲ್ಲುತ್ತಿದ್ದೆ. ಗಲ್ಲದ ಮೇಲೆ ನವಿರಾದ ಕೂದಲು ಬಂತು. ಬಿಸಿಲಿಗೆ ಹೋದರೆ ಯಾರೋ ಕಪಾಳಕ್ಕೆ ಹೊಡೆದಂತೆ ಉರಿ. ಶಮೀಮಳದು ನನಗಿಂತ ತೆಳು ಚರ್ಮ. ಅವಳ ಗಲ್ಲದಲ್ಲಿ ಕೆಂಪು ನರಗಳು ಎಳೆಎಳೆಯಾಗಿ ಕಾಣತೊಡಗಿದವು. ಒಲೆಯ ಮುಂದೆ ಕೂರಲಾಗುವುದಿಲ್ಲ ಅಂದಳು.

"ನನ್ನ ಮಾರಿ ಸುಡಾಕತ್ತೈತಿ ಇಂದೂ. ನಿನಗೂ ಹಿಂಗ ಆಕ್ಕೈತೇನು?"

"ಇಲ್ಲವಾ," ಅಂದೆ ನಾನು. ಸುಳ್ಳು. ಅಂಗಡಿಯ ಮಾನ ನನ್ನ ಗಲ್ಲದ ಮೇಲಿದೆಯೆಂದು ನನಗೆ ಅಷ್ಟರಲ್ಲಿ ಚೆನ್ನಾಗಿ ಅರ್ಥವಾಗಿತ್ತು.

ಪಿಯುಸಿಯ ಮೊದಲ ವರ್ಷ. ಯುಗಾದಿಗೆ ಅವ್ವನೂ ನಾನೂ ಅಡುಗೆಮನೆಯ ಡಬ್ಬಿ ತೊಳೆಯುತ್ತಿದ್ದೆವು. ಅಗಸಿ ಚಟ್ನಿಯ ಡಬ್ಬಿಯ ತಳದಿಂದ ಎಣ್ಣೆ ಹೀರಿದ ಒಂದು ಚೀಟಿ ಎದ್ದು ಬಂತು. ಮೇಲೆ ನಾನು ದಿನಾ ಹಚ್ಚುವ ಟ್ಯೂಬಿನ ಹೆಸರು. ಇಂಗ್ಲಿಷು, ಇರುವೆಯಂಥ ಅಕ್ಷರ. ಕಾಲೇಜಿನಲ್ಲಿ ಎಲ್ಲ ಪಾಠ ಇಂಗ್ಲಿಷಿನಲ್ಲಾಗಿ ವರ್ಷವಿಡೀ ಡಿಕ್ಷನರಿಯ ಜೊತೆ ಗುದ್ದಾಡಿದ್ದೆ, ಆ ಗುದ್ದಾಟ ಅವತ್ತು ಕೆಲಸಕ್ಕೆ ಬಂತು. ಇದು ಸ್ಟೀರಾಯ್ಡ್ ಔಷಧ. ಮುಖಕ್ಕೆ ಹಚ್ಚಬಾರದು. ಮೊಡವೆಗೆ ಹಚ್ಚಬಾರದು. ಡಾಕ್ಟರ ಸಲಹೆಯಿಲ್ಲದೆ ಬಹಳ ದಿನ ಬಳಸಬಾರದು. ಬಳಸಿದರೆ ಚರ್ಮ ತೆಳುವಾಗುತ್ತದೆ, ನರ ಕಾಣುತ್ತವೆ, ಕೂದಲು ಬರುತ್ತದೆ. ಶಮೀಮಳ ಗಲ್ಲವನ್ನು ಎದುರಿಗಿಟ್ಟುಕೊಂಡು ಬರೆದ ಹಾಗಿತ್ತು. ನಾನು ಒಂದೊಂದು ಸಾಲನ್ನೂ ಕನ್ನಡ ಮಾಡಿ ಅವ್ವನಿಗೆ ಓದಿ ಹೇಳಿದೆ. ಅವ್ವ ಕೈ ಒರೆಸಿಕೊಂಡು, ಚೀಟಿಯನ್ನು ತಾನೂ ಹಿಡಿದು ನೋಡಿದಳು, ತನಗೆ ಓದಲು ಬಾರದ ಭಾಷೆಯಾದರೂ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ನಾನು ಆ ಚೀಟಿಯನ್ನು ಅಪ್ಪನ ತಾಟಿನ ಪಕ್ಕ ಇಟ್ಟೆ.

"ಅಪ್ಪಾ, ಇದರಾಗ ಮಾರಿಗೆ ಹಚ್ಚಬ್ಯಾಡ ಅಂತ ಬರದಾರ."

ಅಪ್ಪ ಅದನ್ನು ನೋಡಲೂ ಇಲ್ಲ. "ಕಂಪನಿಯವರು ತಮ್ಮ ಮೈಮ್ಯಾಲ ಬರಬಾರದು ಅಂತ ಸಾವಿರ ಬರೀತಾರವಾ. ನಾ ಎಷ್ಟ ವರ್ಷಾತು ಇದನ್ನ ಕೊಡಾಕತ್ತು. ಯಾರರೆ ಸತ್ತಾರೇನು?"

"ಸತ್ತಿಲ್ಲ. ಶಮೀಮ್ ಒಲಿ ಮುಂದ ಕೂಡಾಕ ಆಗವಲ್ತು ಅಂತಾಳ. ನನಗೂ ಬಿಸಲಾಗ ಹೋಗಾಕ ಆಗೂದಿಲ್ಲ."

"ಅದು ಉಷ್ಣ," ಅಂದಳು ಅಜ್ಜಿ.

"ಉಷ್ಣ ಅಲ್ಲ ಅಜ್ಜಿ! ಔಷಧ! ನಮ್ಮ ಅಂಗಡಿ ಔಷಧ!"

ನಾನು ಕೂಗಿದ್ದು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದ ಗಿರಾಕಿಗೂ ಕೇಳಿಸಿರಬೇಕು. ಅಪ್ಪ ಪರದೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಅವರ ಮುಖದಲ್ಲಿ ಇದ್ದದ್ದು ಮಗಳ ಚಿಂತೆಯಲ್ಲ, ಗಿರಾಕಿಯ ಚಿಂತೆ. ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದು ಹೋದರು. ಆದರೂ, ಅಪ್ಪ ಆ ಚೀಟಿಯನ್ನು ಎಂದೂ ಓದಿರಲಿಕ್ಕಿಲ್ಲ ಎಂದೇ ನಾನು ಅಂದುಕೊಂಡೆ. ಎಲ್ಲರೂ ಕೊಡುತ್ತಾರೆ, ಇವರೂ ಕೊಟ್ಟರು, ತಿಳಿಯದೆ ಮಾಡಿದರು. ಹಾಗೆ ನಂಬಿದ್ದರಿಂದ ಆ ಮನೆಯಲ್ಲಿ ಉಣ್ಣಲು, ಮಲಗಲು ನನಗೆ ಸಾಧ್ಯವಾಯಿತು.

ಮರುದಿನ ಅವ್ವ, ಬನಶಂಕರಿಗೆ ಹರಕೆ ಇದೆ, ಇಂದೂನ್ನ ಕರಕೊಂಡು ಹೋಗಿ ಬರ್ತೇನಿ ಅಂದಳು. ಅವ್ವ ಅಪ್ಪನಿಗೆ ಹೇಳಿದ ಸುಳ್ಳುಗಳಲ್ಲಿ ನನಗೆ ತಿಳಿದಿರುವುದು ಅದೊಂದೇ. ಬಸ್‌ಸ್ಟ್ಯಾಂಡಿನಲ್ಲಿ ಶಮೀಮ್ ಮತ್ತು ಅವಳ ಅಮ್ಮಿ ಕಾಯುತ್ತಿದ್ದರು, ಅವ್ವನೇ ಮುಂಜಾನೆ ಹೋಗಿ ಹೇಳಿ ಬಂದಿದ್ದಳು. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಯವರೆಗೆ ಇಬ್ಬರು ತಾಯಂದಿರು ಒಂದೇ ಸೀಟಿನಲ್ಲಿ ಕೂತಿದ್ದರು. ಚರ್ಮದ ದವಾಖಾನೆಯಲ್ಲಿ ಡಾಕ್ಟರು ಒಬ್ಬ ಹೆಂಗಸು. ನನ್ನ ಗದ್ದ ಹಿಡಿಯುವ ಮೊದಲು, "ಮುಟ್ಟಲೇನು?" ಎಂದು ಕೇಳಿದರು. ಹದಿನೇಳು ವರ್ಷಕ್ಕೆ ಮೊದಲ ಸಲ ಒಬ್ಬರು ಹಾಗೆ ಕೇಳಿದ್ದು. ನನಗೆ ಅಳು ಬಂತು, ಅವರು ನೋವಾಯಿತೇನೋ ಅಂದುಕೊಂಡರು.

"ಯಾರ ಹೇಳಿದ್ರು ಇದನ್ನ ಹಚ್ಚಾಕ?" ಎಂದು ಟ್ಯೂಬು ನೋಡಿ ಕೇಳಿದರು.

ಶಮೀಮಳ ಅಮ್ಮಿ ನನ್ನ ಅವ್ವನ ಮುಖ ನೋಡಿ, "ಅಂಗಡ್ಯಾಗ ಕೊಟ್ರಿ" ಅಂದರು, ಯಾವ ಅಂಗಡಿಯೆಂದು ಹೇಳಲಿಲ್ಲ. ಡಾಕ್ಟರು ಅವತ್ತು ಹೇಳಿದ್ದರಲ್ಲಿ ಗುಟ್ಟಿನದು ಏನೂ ಇರಲಿಲ್ಲ. ಈ ಟ್ಯೂಬನ್ನು ಥಟ್ಟನೆ ಬಿಡಬೇಡಿ, ನಾನು ಬರೆದುಕೊಟ್ಟ ಹಾಗೆ ಕಡಿಮೆ ಮಾಡಿ ಬಿಡಿ. ಬಿಟ್ಟ ಮೇಲೆ ಕೆಲವು ತಿಂಗಳು ಮುಖ ಇನ್ನೂ ಕೆಡುತ್ತದೆ, ಹೆದರಿ ಮತ್ತೆ ಹಚ್ಚಬೇಡಿ. ದಿನಕ್ಕೆ ಎರಡೇ ಸಲ, ಸೌಮ್ಯ ಸೋಪಿನಿಂದ, ಬೆರಳಿನಿಂದ ಮೆಲ್ಲಗೆ ತೊಳೆಯಿರಿ, ತಿಕ್ಕಬೇಡಿ. ಒರೆಸುವಾಗ ಒತ್ತಿ, ಉಜ್ಜಬೇಡಿ. ಚಿವುಟಬೇಡಿ. ತಲೆಗೆ ಎಣ್ಣೆ ಹಚ್ಚಿದರೆ ಹಣೆಗೆ ಇಳಿಯದಂತೆ ನೋಡಿಕೊಳ್ಳಿ. ಜಿಡ್ಡಿಲ್ಲದ ಕ್ರೀಮು ಹಚ್ಚಿ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ. ಉರಿ ಇಳಿದ ಮೇಲೆ ಮೊಡವೆಯದೇ ಔಷಧ ಕೊಡುತ್ತೇನೆ, ಅದು ವಾರದಲ್ಲಿ ಪವಾಡ ಮಾಡುವುದಿಲ್ಲ, ಎರಡು ಮೂರು ತಿಂಗಳು ಬೇಕು. ಶೇಂಗಾ ತಿನ್ನಬಹುದೇ ಎಂದು ನಾನು ಕೇಳಿದೆ. ಅವರು ನಕ್ಕರು, ಧಾರಾಳವಾಗಿ ತಿನ್ನು ಅಂದರು. ಇವತ್ತಿಗೂ ನಾನು ನನ್ನ ಕ್ಲಾಸಿನ ಹುಡುಗಿಯರಿಗೆ ಇದನ್ನೇ ಹೇಳುತ್ತೇನೆ, ಹೇಳಿ ಹೇಳಿ ಗಂಟಲು ಒಣಗಿದೆ. ಅವರ ಅಂಗಡಿ ಈಗ ಫೋನಿನೊಳಗಿದೆ. ಯಾವಳೋ ಒಬ್ಬಳು ಹೊಳೆಯುವ ಗಲ್ಲವನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸುತ್ತಾಳೆ, ಇವರು ಮೂರು ದಿನಕ್ಕೆ ಅದೇ ಜಾತಿಯ ಟ್ಯೂಬು ತರಿಸಿಕೊಳ್ಳುತ್ತಾರೆ. ಆ ಹೊಳೆಯುವವಳನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ಅವಳ ಗದ್ದ ಯಾರ ಕೈಯಲ್ಲಿದೆಯೋ ಎಂದು ನೋಡುತ್ತೇನೆ.

ಸಂಜೆ ನಾವು ಮರಳಿದಾಗ ಅಪ್ಪ ಕೌಂಟರಿನಲ್ಲೇ ಇದ್ದರು.

"ಪ್ರಸಾದ ಎಲ್ಲಿ?"

ಅವ್ವ ಡಾಕ್ಟರ ಚೀಟಿಯನ್ನು ಕೌಂಟರಿನ ಮೇಲಿಟ್ಟಳು. "ಇದ ಪ್ರಸಾದ. ತಗದು ಕೊಡ್ರಿ."

ಅಪ್ಪ ಓದಿದರು. ತಿರುಗಿ ಕಪಾಟಿನಿಂದ ಒಂದೊಂದಾಗಿ ಎಲ್ಲವನ್ನೂ ತೆಗೆದಿಟ್ಟರು. ಎಲ್ಲವೂ ಇದ್ದವು. ಸೌಮ್ಯ ಸೋಪು ಇತ್ತು. ಬಿಸಿಲಿನ ಕ್ರೀಮು ಇತ್ತು. ಎರಡು ತಿಂಗಳ ನಂತರ ಡಾಕ್ಟರು ಬರೆದುಕೊಟ್ಟ ಮೊಡವೆಯ ಔಷಧ ಕೂಡ ನಮ್ಮಲ್ಲೇ ಸಿಕ್ಕಿತು, ಆ ಟ್ಯೂಬಿನ ಕೆಳಗಿನ ಖಾನೆಯಲ್ಲೇ. ಇಷ್ಟು ವರ್ಷವೂ ಅದು ಅಲ್ಲಿಯೇ ಇತ್ತು. ನಿಧಾನಕ್ಕೆ ಕೆಲಸ ಮಾಡುವ ಔಷಧ ಎಂದು ಯಾರೂ ಅದನ್ನು ಹೊರಗೆ ತೆಗೆದಿರಲಿಲ್ಲ.

ಆಮೇಲಿನ ತಿಂಗಳುಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ಕೆಟ್ಟಿತು. ಮುಖ ಬಾತು, ಕೆಂಪಾಗಿ, ಕೀವು ತುಂಬಿ, ಕಾಲೇಜಿನಲ್ಲಿ ಹುಡುಗರು ನನಗೊಂದು ಹೆಸರಿಟ್ಟರು, ಅದನ್ನು ಬರೆಯುವುದಿಲ್ಲ. ಅಜ್ಜಿ ಮಾತ್ರ ತನ್ನ ದಾರಿ ಬಿಡಲಿಲ್ಲ. ಹೊಸ ಔಷಧ ಹಚ್ಚಿ ಮಲಗಿದಾಗ ಗಲ್ಲ ತಾಗಿದಲ್ಲೆಲ್ಲ ನನ್ನ ಕೆಂಪು ದಿಂಬಿನ ಗವುಸು ಬೆಳ್ಳಗಾಗಿತ್ತು. ಆ ಔಷಧದ ಗುಣವೇ ಅದು, ಬಟ್ಟೆಯ ಬಣ್ಣ ತೆಗೆಯುತ್ತದೆ, ಚರ್ಮದ ಬಣ್ಣಕ್ಕೆ ಏನೂ ಆಗದು. ಅಜ್ಜಿ ಆ ಗವುಸು ಹಿಡಿದು ಓಣಿಗೆಲ್ಲ ತೋರಿಸಿದಳು. "ಪಕ್ಕಾ ಬಣ್ಣದ ಅರಿವಿ ತಿಂದೈತಿ ಅಂದ್ರ ಮಾರಿ ಬಿಡ್ತದೇನು?" ಎಂದು ಕೇಳಿದಳು. ಸೀರೆಯ ಬಣ್ಣವೇ ಬದುಕಾದ ಊರಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅವ್ವ ಬಿಳಿ ಗವುಸು ಹೊಲಿದು ಕೊಟ್ಟಳು. ಶಮೀಮಳ ಉರಿ ಇಳಿಯಲು ನನ್ನದಕ್ಕಿಂತ ಹೆಚ್ಚು ಕಾಲ ಹಿಡಿಯಿತು, ಅವಳ ಗಲ್ಲದ ಎಳೆಗಳು ಇಂದಿಗೂ ಪೂರ್ತಿ ಹೋಗಿಲ್ಲ. ಈಗ ಹುನಗುಂದದಲ್ಲಿದ್ದಾಳೆ. ಕ್ಷಮಿಸು ಎಂದು ನಾನು ಕೇಳಿದಾಗ, "ನೀ ಏನ ಮಾಡ್ತಿದ್ದಿ, ನಿನ್ನ ಗದ್ದ ನಿಮ್ಮಪ್ಪನ ಕೈಯಾಗಿತ್ತಲ್ಲ" ಅಂದಳು. ಅಷ್ಟು ಸುಲಭಕ್ಕೆ ಅವಳು ನನ್ನನ್ನು ಬಿಡಬಾರದಿತ್ತು.

ಅಪ್ಪ ನನ್ನನ್ನು ಪರದೆಯ ಆಚೆ ಕರೆಯುವುದನ್ನು ನಿಲ್ಲಿಸಿದರು. ಟ್ಯೂಬು ಮಾರುವುದನ್ನು ನಿಲ್ಲಿಸಲಿಲ್ಲ. ಒಂದು ಮಧ್ಯಾಹ್ನ ನಾನು ನಡುಮನೆಯಲ್ಲಿದ್ದೆ. ಆಚೆ ಶಿರೂರಿನಿಂದ ಬಂದ ಒಬ್ಬ ತಾಯಿ, ಮಗಳನ್ನು ನೋಡಲು ಮುಂದಿನ ವಾರ ಬರುತ್ತಾರೆ ಎಂದು ಹೇಳುತ್ತಿದ್ದಳು. ಅಪ್ಪ, "ನಾಕ ದಿನಾ ಸಾಕ್ರಿ, ಎಲ್ಲಾ ಇಳೀತದ" ಅಂದರು. ಪೇಪರು ಹರಿದ ಸಪ್ಪಳ ಕೇಳಿಸಿತು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಪರದೆ ಸರಿಸಿ ಹೋದೆ, ದೀಪದ ಕೆಳಗೆ ನಿಂತೆ, ಮುಖ ಎತ್ತಿದೆ.

"ನಾ ಇವರ ಮಗಳು ನೋಡ್ರಿ. ಎರಡ ವರ್ಷ ಅದನ್ನ ಹಚ್ಚಿದ್ನಿ. ನಾಕ ದಿನಕ್ಕ ಇಳದಿದ್ದು ಖರೆ. ಈಗ ಹಿಂಗ ಆಗೇದ."

ಆ ಹುಡುಗಿ ಓಢಣಿ ಸರಿಸಿ ನನ್ನನ್ನು ನೋಡಿದಳು. ನನಗಿಂತ ಎರಡು ವರ್ಷ ಚಿಕ್ಕವಳಿರಬೇಕು. ತಾಯಿ ಸುತ್ತಿದ ಟ್ಯೂಬನ್ನು ಮೆಲ್ಲಗೆ ಕೌಂಟರಿನ ಮೇಲೆ ವಾಪಸ್ ಇಟ್ಟು, ಮಗಳ ಕೈ ಹಿಡಿದು ಇಳಿದು ಹೋದಳು. ಅಪ್ಪ ಬೈಯುತ್ತಾರೆ, ಹೊಡೆಯಲೂಬಹುದು ಅಂದುಕೊಂಡಿದ್ದೆ. ಅವರು ಸ್ಟೂಲಿನ ಮೇಲೆ ಕೂತು ರಸ್ತೆ ನೋಡತೊಡಗಿದರು. ನನಗೆ ಅಯ್ಯೋ ಅನ್ನಿಸಿತು. ಅವರಿಗೆ ಒಂದು ದಾರಿ ಬಿಡೋಣ ಎಂದೇ ಆ ಪ್ರಶ್ನೆ ಕೇಳಿದೆ. ಇಲ್ಲ ಅನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದು.

"ಅಪ್ಪಾ, ಆ ಚೀಟಿ ನೀ ಮೊದಲ ಓದಿದ್ದಿಲ್ಲ, ಹೌದಿಲ್ಲೋ?"

"ಓದೀನಿ."

"ನನಗ ಹಚ್ಚೂಕಿಂತ ಮೊದಲ?"

"ಹೂಂ. ನಿನ್ನ ಮದುವಿ ತನಕ ತಡದ್ರ ಸಾಕು ಅನ್ಕೊಂಡಿದ್ನಿ."

ನನಗಾಗ ಹದಿನೇಳು. ನನ್ನ ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಇನ್ನೂ ಎತ್ತಿರಲಿಲ್ಲ.

"ಮದುವಿ ಆದ ಮ್ಯಾಲ?"

ಅಪ್ಪ ನನ್ನ ಕಡೆ ತಿರುಗಿದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಈ ಹುಡುಗಿ ಇಷ್ಟು ಓದಿಯೂ ಇದನ್ನು ಕೇಳುತ್ತಾಳಲ್ಲ ಎಂಬ ಆಶ್ಚರ್ಯ.

"ಆಮ್ಯಾಲ ಯಾರ ನೋಡ್ತಾರವ್ವಾ?"

ಅವತ್ತು ನಾನು ಪರದೆ ಸರಿಸಿ ಒಳಗೆ ಬಂದುಬಿಟ್ಟೆ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಉತ್ತರ ನನ್ನ ಹತ್ತಿರವೇ ಉಳಿದಿದೆ. ನಾ ನೋಡ್ತೇನಿ ಅಪ್ಪಾ. ದಿನಾ ನೋಡ್ತೇನಿ.